ಹಿಟ್‌ಗೀತಾ ಲಕ್ಷಣ ಮೀಮಾಂಸೆ

ಪೀಠಿಕೆ

ಹಿಂದಿ ಚಿತ್ರವೊಂದರ ಹಾಡುಗಳು ಹೊರಬಿದ್ದ ಗಳಿಗೆಯಲ್ಲೇ, ಅವುಗಳಲ್ಲಿ ಯಾವುದು ಹಿಟ್ ಆದೀತು ಎಂಬ ಜಿಜ್ಞಾಸೆ ಆಸೇತುಹಿಮಾಚಲ ಹುಟ್ಟಿಕೊಳ್ಳುತ್ತದೆ. ಜಗತ್ತು ಸತ್ಯವೋ ಮಿಥ್ಯೆಯೋ ಎಂದು ನಮ್ಮ ಆಚಾರ್ಯರು ಶತಮಾನಗಟ್ಟಲೆ ವಾದ ಮಾಡಿದರು. ಆ ವಾದಗಳಿಗೆ ಒಂದು ಮರ್ಯಾದೆಯಿತ್ತು: ಸೋತವನು ಗೆದ್ದವನ ಶಿಷ್ಯನಾಗಬೇಕು. ಹಾಡಿನ ವಾದದಲ್ಲಿ ಈ ಏರ್ಪಾಡಿಲ್ಲ. ಸೋತವನು ಮೂರು ತಿಂಗಳು ಕಳೆದ ಮೇಲೆ ‘ನಾನು ಅವತ್ತೇ ಹೇಳಿರಲಿಲ್ವಾ?’ ಎನ್ನುತ್ತ ಗೆದ್ದವನ ಪಕ್ಕದಲ್ಲೇ ಬಂದು ಕೂರುತ್ತಾನೆ.

ಇಷ್ಟು ಗಹನವಾದ ವಿಷಯಕ್ಕೆ ಕನ್ನಡದಲ್ಲಿ ಒಂದು ಲಕ್ಷಣಗ್ರಂಥ ಇಲ್ಲದಿರುವುದು ನಾಡಿಗೆ ತಕ್ಕುದಲ್ಲ. ಛಂದಸ್ಸಿಗೆ ನಾಗವರ್ಮನ ಛಂದೋಂಬುಧಿ ಇದೆ. ವ್ಯಾಕರಣಕ್ಕೆ ಕೇಶಿರಾಜನ ಶಬ್ದಮಣಿದರ್ಪಣ ಇದೆ. ಅಡುಗೆಗೆ ಮಂಗರಸನ ಸೂಪಶಾಸ್ತ್ರ ಇದೆ. ದನಕ್ಕೆ ಹೊಟ್ಟೆಯುಬ್ಬರ ಬಂದರೆ ನೋಡಿಕೊಳ್ಳಲೆಂದು ಕೀರ್ತಿವರ್ಮ ಗೋವೈದ್ಯವನ್ನೇ ಬರೆದಿಟ್ಟು ಹೋಗಿದ್ದಾನೆ. ಹಿಟ್ಟಿನ ಬಗ್ಗೆ ಮಾತ್ರ ಪೂರ್ವಸೂರಿಗಳು ಬಾಯಿ ಬಿಟ್ಟಿಲ್ಲ. ಈ ಕೊರತೆಯನ್ನು ತುಂಬಲು ನಾವು ಮುಂದಾಗಿದ್ದೇವೆ. (ಪ್ರಬಂಧದುದ್ದಕ್ಕೂ ‘ನಾವು’ ಎಂದರೆ ನಾನೊಬ್ಬನೇ. ಶಾಸ್ತ್ರದಲ್ಲಿ ಒಬ್ಬನೇ ಇದ್ದರೆ ಯಾರೂ ನಂಬುವುದಿಲ್ಲ.)

ನಮ್ಮ ಮುಂದಿರುವ ಪರೀಕ್ಷಾವಸ್ತು ಇನ್ನೇನು ತೆರೆಕಾಣಲಿರುವ ಒಂದು ಹಿಂದಿ ಚಿತ್ರದ ಆರು ಹಾಡುಗಳು. ಚಿತ್ರದ ಹೆಸರನ್ನು ಉದ್ದೇಶಪೂರ್ವಕವಾಗಿ ಗೋಪ್ಯವಾಗಿಟ್ಟಿದ್ದೇವೆ. ಹೆಸರು ಹೇಳಿದರೆ ನಮ್ಮ ನಿರ್ಣಯವನ್ನು ಓದುಗರು ಪರೀಕ್ಷಿಸಲು ಹೊರಡಬಹುದು. ಶಾಸ್ತ್ರ ಇರುವುದು ಪರೀಕ್ಷೆ ಮಾಡಲಿಕ್ಕೆ, ಮಾಡಿಸಿಕೊಳ್ಳಲಿಕ್ಕಲ್ಲ. ಹೆಸರಿಲ್ಲದಿದ್ದರೂ ಓದುಗರಿಗೆ ಹಾಡುಗಳ ಪರಿಚಯ ಈಗಾಗಲೇ ಇದೆ. ಒಂದನೆಯದು ಶೀರ್ಷಿಕೆ ಗೀತೆ: ಚಿತ್ರದ ಹೆಸರನ್ನು ಮರೆಯದ ಹಾಗೆ ಮತ್ತೆ ಮತ್ತೆ ಕೂಗುವುದು ಅದರ ಕೆಲಸ. ಎರಡನೆಯದು ವಿರಹ: ಗಂಡಸಿನ ದನಿ, ಗಿಟಾರು, ಮಳೆ. ಮೂರನೆಯದು ಅದೇ ವಿರಹ: ಹೆಂಗಸಿನ ದನಿ, ಪಿಯಾನೊ, ಅದೇ ಮಳೆ. ನಾಲ್ಕನೆಯದು ಮದುವೆ ಹಾಡು, ಅರ್ಧ ಪಂಜಾಬಿ, ಇನ್ನರ್ಧ ಡೋಲು. ಐದನೆಯದು ತೊಂಬತ್ತರ ದಶಕದ ಒಂದು ಹಿಟ್ ಹಾಡನ್ನು ಗೋರಿಯಿಂದೆಬ್ಬಿಸಿ ಜೀನ್ಸ್ ತೊಡಿಸಿದ್ದು. ಆರನೆಯದು ಸೂಫಿ, ಅಂದರೆ ಹಾಡುಗಾರ ಕೈ ಮೇಲೆತ್ತಿ ಹಾಡಿದ್ದು.

ಪೂರ್ವಪಕ್ಷ

ಶಾಸ್ತ್ರದ ಪದ್ಧತಿಯಂತೆ ಮೊದಲು ಎದುರಾಳಿಗಳ ಮತವನ್ನು ಹೇಳಿ, ಅವರು ಉತ್ತರ ಕೊಡುವ ಮೊದಲೇ ಮುಗಿಸಿಬಿಡಬೇಕು.

ಸದ್ಗುಣವಾದಿಗಳ ಪ್ರಕಾರ ಒಳ್ಳೆಯ ಹಾಡು ಹಿಟ್ ಆಗುತ್ತದೆ. ಈ ವಾದ ಎಷ್ಟು ಮುಗ್ಧವಾಗಿದೆಯೆಂದರೆ ಇದನ್ನು ಖಂಡಿಸಲು ಅಮೆರಿಕದವರೆಗೆ ಹೋಗಬೇಕಾಯಿತು. ಸಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ವಿದ್ವಾಂಸರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಯಾರೂ ಕೇಳರಿಯದ ತಂಡಗಳ 48 ಹಾಡುಗಳು. ಇಂಟರ್‌ನೆಟ್ಟಿನ ಮೂಲಕ ಒಟ್ಟು 14,341 ಮಂದಿ ಕೇಳುಗರು. ಒಂದು ಗುಂಪಿನವರು ತಮ್ಮ ಪಾಡಿಗೆ ತಾವು ಕೇಳಿ, ಬೇಕಾದ್ದನ್ನು ಇಳಿಸಿಕೊಂಡರು. ಉಳಿದವರನ್ನು ಎಂಟು ‘ಲೋಕ’ಗಳಿಗೆ ಹಂಚಿ, ತಂತಮ್ಮ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆಂಬ ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಇಡಲಾಯಿತು. (ನಮ್ಮ ಪುರಾಣಗಳಲ್ಲಿ ಹದಿನಾಲ್ಕು ಲೋಕಗಳಿವೆ. ಅವರ ಅನುದಾನ ಎಂಟಕ್ಕೇ ಮುಗಿದಿರಬೇಕು.) ಪರಿಣಾಮ ಹೀಗಿತ್ತು: ಪಕ್ಕದವನ ತಟ್ಟೆ ನೋಡದೆ ಕೇಳಿದವರು 26ನೆಯ ಸ್ಥಾನ ಕೊಟ್ಟ ಹಾಡೊಂದು, ಒಂದು ಲೋಕದಲ್ಲಿ 1ನೆಯ ಸ್ಥಾನಕ್ಕೇರಿತು, ಇನ್ನೊಂದು ಲೋಕದಲ್ಲಿ 40ಕ್ಕೆ ಕುಸಿಯಿತು. ಅದೇ ಹಾಡು, ಅದೇ ರಾಗ, ಅದೇ ಡೋಲು. ಅತ್ಯುತ್ತಮ ಹಾಡು ಪೂರ್ತಿ ನೆಲಕಚ್ಚುವುದು ಅಪರೂಪ, ತೀರಾ ಕೆಟ್ಟದ್ದು ಮೇಲೇರುವುದೂ ಅಪರೂಪ. ನಡುವಿನ ಬಹುಸಂಖ್ಯಾತರ ಗತಿ ಏನು ಬೇಕಾದರೂ ಆಗಬಹುದು ಎಂದು ಆ ಮೂವರು ತೀರ್ಮಾನಿಸಿದರು. ನಮ್ಮ ಆರು ಹಾಡುಗಳೂ ನಡುವಿನವೇ ಎಂಬುದನ್ನು ಇಲ್ಲಿ ವಿನಯದಿಂದ ಗಮನಿಸಬಹುದು.

ನಾಯಕವಾದಿಗಳದು ಎರಡನೆಯ ಮತ: ಚಿತ್ರ ಓಡಿದರೆ ಹಾಡು ಓಡುತ್ತದೆ, ಹೀರೋ ದೊಡ್ಡವನಾದರೆ ಹಾಡೂ ದೊಡ್ಡದು. ಇವರಿಗೆ 1998ರ ‘ದಿಲ್ ಸೇ’ ಒಂದೇ ಸಾಕು. ಮಣಿರತ್ನಂ ನಿರ್ದೇಶನ, ಶಾರುಖ್ ಖಾನ್ ನಾಯಕ, ಮನೀಷಾ ಕೊಯಿರಾಲಾ ನಾಯಕಿ. ಚಿತ್ರ ನಮ್ಮ ದೇಶದಲ್ಲಿ ಓಡಲಿಲ್ಲ. ಹಾಡು ಮಾತ್ರ ನೀಲಗಿರಿಯ ಬೆಟ್ಟದ ರೈಲು ಹತ್ತಿ, ಒಳಗೆ ಸೀಟು ಸಿಗದವರಂತೆ ಅದರ ನೆತ್ತಿಯ ಮೇಲೆ ಕುಣಿದು, ಎ.ಆರ್. ರೆಹಮಾನ್, ಗುಲ್ಜಾರ್, ಸುಖ್ವಿಂದರ್ ಸಿಂಗ್, ಫರಾ ಖಾನ್ ಇಷ್ಟೂ ಜನಕ್ಕೆ ಫಿಲ್ಮ್‌ಫೇರ್ ಕೊಡಿಸಿತು. 2006ರಲ್ಲಿ ಸ್ಪೈಕ್ ಲೀ ಎಂಬ ಅಮೆರಿಕದ ನಿರ್ದೇಶಕ ನ್ಯೂಯಾರ್ಕಿನ ಬ್ಯಾಂಕ್ ದರೋಡೆಯ ಕಥೆಯೊಂದನ್ನು ಆರಂಭಿಸಿದ್ದೂ ಅದೇ ‘ಛಯ್ಯಾ ಛಯ್ಯಾ’ದಿಂದ. ರೈಲಿಗೂ ಬ್ಯಾಂಕಿಗೂ ಏನು ಸಂಬಂಧ ಎಂದು ಕೇಳುವವರು ಹಾಡನ್ನು ಸರಿಯಾಗಿ ಕೇಳಿಲ್ಲ. ಕೇಳಿದವರಿಗೆ ಆ ಪ್ರಶ್ನೆ ಏಳುವಷ್ಟು ವ್ಯವಧಾನವಿರುವುದಿಲ್ಲ.

ಮೂರನೆಯವರು ಮಾರುಕಟ್ಟೆವಾದಿಗಳು. ಚಲಾವಣೆಯಲ್ಲಿರುವ ಸಂಗೀತ ನಿರ್ದೇಶಕನೇ ಹಿಟ್ ಕೊಡುತ್ತಾನೆ ಎನ್ನುವವರು. ತೊಂಬತ್ತರ ಹೊತ್ತಿಗೆ ಈ ಪಂಡಿತರು ಆರ್.ಡಿ. ಬರ್ಮನ್ನರ ಲೆಕ್ಕವನ್ನು ಚುಕ್ತಾ ಮಾಡಿ ಪುಸ್ತಕ ಮುಚ್ಚಿದ್ದರು. ಬರ್ಮನ್ 1994ರ ಜನವರಿ 4ರಂದು ತೀರಿಕೊಂಡರು. ಅದೇ ವರ್ಷ ಅವರು ಸಂಗೀತ ಕೊಟ್ಟಿದ್ದ ‘1942: ಎ ಲವ್ ಸ್ಟೋರಿ’ ಬಂತು. ಆಮೇಲೆ ಪಂಡಿತರು ಪುಸ್ತಕ ತೆಗೆದು ತಿದ್ದಿದರೋ ಇಲ್ಲವೋ, ಫಿಲ್ಮ್‌ಫೇರ್‌ನವರು ಮಾತ್ರ ಪ್ರಶಸ್ತಿಯನ್ನು ಇಲ್ಲದ ಮನುಷ್ಯನ ಹೆಸರಿಗೆ ಬರೆದರು.

ಇಲ್ಲಿಗೆ ಪೂರ್ವಪಕ್ಷ ಮುಗಿಯಿತು. ಜ್ಯೋತಿಷಿಗಳು, ನಿರ್ಮಾಪಕರ ಭಾಮೈದರು ಮತ್ತು ‘ನನ್ನ ಆರು ವರ್ಷದ ಮಗಳು ಕುಣಿದಳು, ಅಂದರೆ ಹಿಟ್ಟೇ’ ಎನ್ನುವ ನಿರ್ದೇಶಕರ ಮತಗಳನ್ನು ಸ್ಥಳಾಭಾವದಿಂದ ಬಿಟ್ಟಿದ್ದೇವೆ. ಆ ಮಗಳು ಅಡುಗೆಮನೆಯ ಮಿಕ್ಸಿಗೂ ಕುಣಿಯುತ್ತಾಳೆ.

ಸಿದ್ಧಾಂತ

ನಮ್ಮ ಸೂತ್ರ ಚಿಕ್ಕದು: ತಪ್ಪಿಸಿಕೊಳ್ಳಲಾಗದ್ದು ಹಿಟ್.

ಇದಕ್ಕೆ ಅನಿರ್ಗಮನವಾದವೆಂದು ಹೆಸರು. ಹಾಡನ್ನು ಜನ ಆರಿಸುತ್ತಾರೆಂಬುದು ಭ್ರಾಂತಿ. ಹಾಡು ಇರುವ ಜಾಗದಿಂದ ಎದ್ದುಹೋಗಲು ಆಗದೆ ಕೂತ ಕಿವಿಗಳ ಸಂಖ್ಯೆಯೇ ಹಿಟ್ಟಿನ ಪ್ರಮಾಣ. ಕಣ್ಣಿಗೆ ರೆಪ್ಪೆ ಕೊಟ್ಟ ಸೃಷ್ಟಿಕರ್ತ ಕಿವಿಗೆ ಏನನ್ನೂ ಕೊಡದೆ ಕಳಿಸಿದ್ದರಿಂದ ಈ ಉದ್ಯಮ ಸಾಧ್ಯವಾಗಿದೆ. ಭಾಷ್ಯ ಮುಂದಿದೆ.

ಮೊದಲು ಮನಶ್ಶಾಸ್ತ್ರದ ಪ್ರಮಾಣ. ರಾಬರ್ಟ್ ಝಾಯಂಟ್ಸ್ ಎಂಬ ವಿದ್ವಾಂಸ 1968ರಲ್ಲಿ ಅರ್ಥವಿಲ್ಲದ, ಟರ್ಕಿ ಭಾಷೆಯಂತೆ ಕೇಳುವ ಪದಗಳನ್ನೂ ಚೀನೀ ಲಿಪಿಯಂತೆ ಕಾಣುವ ಗೀಚುಗಳನ್ನೂ ವಿದ್ಯಾರ್ಥಿಗಳ ಮುಂದಿಟ್ಟ. ಕೆಲವನ್ನು ಒಂದು ಸಲ, ಕೆಲವನ್ನು ಎರಡು ಸಲ, ಕೆಲವನ್ನು 25 ಸಲ. ಆಮೇಲೆ, ‘ಇದರ ಅರ್ಥ ಒಳ್ಳೆಯದಿರಬಹುದೋ ಕೆಟ್ಟದ್ದೋ?’ ಎಂದು ಕೇಳಿದ. ಹೆಚ್ಚು ಸಲ ಎದುರಾದದ್ದಕ್ಕೆ ಹೆಚ್ಚು ಒಳ್ಳೆಯ ಅರ್ಥ ಸಿಕ್ಕಿತು. ವಿದ್ವಾಂಸರು ಬೆರಗಾಗಿರಬಹುದು. ಹಿಂದಿ ಚಿತ್ರಗೀತೆ ಕೇಳಿ ಬೆಳೆದ ಯಾವ ಕನ್ನಡಿಗನೂ ಇದಕ್ಕೆ ಬೆರಗಾಗುವುದಿಲ್ಲ. ಅರ್ಥ ತಿಳಿಯದೆ ಹಾಡನ್ನು ಪೂರ್ತಿ ಕಂಠಪಾಠ ಮಾಡಿ, ಅದು ಪ್ರೇಮಗೀತೆಯೋ ಶೋಕಗೀತೆಯೋ ಎಂಬುದನ್ನು ದೂರದರ್ಶನದಲ್ಲಿ ಚಿತ್ರ ನೋಡಿದಾಗಲೇ ತಿಳಿದುಕೊಂಡ ಇಡೀ ಪೀಳಿಗೆಯೇ ನಮ್ಮಲ್ಲಿದೆ. ಅಲ್ಲಿಯವರೆಗೆ ಅದನ್ನು ಸ್ನೇಹಿತನ ಮದುವೆಯಲ್ಲಿ ಹಾಡಿಯೂ ಆಗಿತ್ತು.

ಅದೇ ಝಾಯಂಟ್ಸ್ ತನ್ನ ಪ್ರಬಂಧದಲ್ಲಿ ಇನ್ನೊಂದು ಪ್ರಸಂಗವನ್ನು ಉಲ್ಲೇಖಿಸುತ್ತಾನೆ. 1967ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ವಿಶ್ವವಿದ್ಯಾಲಯವೊಂದರ ತರಗತಿಗೆ ಒಬ್ಬ ವಿದ್ಯಾರ್ಥಿ ದೊಡ್ಡ ಕಪ್ಪು ಚೀಲವೊಂದರಲ್ಲಿ ಮೈಯೆಲ್ಲ ತೂರಿಸಿಕೊಂಡು ಬರುತ್ತಿದ್ದ; ಕಾಣುತ್ತಿದ್ದದ್ದು ಬರಿಗಾಲು ಮಾತ್ರ. ಸಹಪಾಠಿಗಳಿಗೆ ಮೊದಲು ಸಿಟ್ಟು, ಆಮೇಲೆ ಕುತೂಹಲ, ಕೊನೆಗೆ ಸ್ನೇಹ. ಇದನ್ನು ಓದಿದ ಕ್ಷಣವೇ ನಮಗೆ 2022ರ ‘ಬ್ರಹ್ಮಾಸ್ತ್ರ’ದ ‘ಕೇಸರಿಯಾ’ ನೆನಪಾಯಿತು. ಮೊದಲು ತುಣುಕಾಗಿ ಬಂದು ಆಸೆ ಹುಟ್ಟಿಸಿದ ಆ ಹಾಡು, ಕೆಲವು ತಿಂಗಳ ಮೇಲೆ ಇಡಿಯಾಗಿ ಬಂದಾಗ ಪಲ್ಲವಿಯ ಬಾಗಿಲಲ್ಲೇ ಹಿಂದಿ ಬಾಲ ಅಂಟಿಸಿಕೊಂಡ ಇಂಗ್ಲಿಷ್ ಪದವೊಂದು ಕೂತಿತ್ತು. ದೇಶವೇ ಹಾಸ್ಯ ಮಾಡಿತು. ಬಾಸುಮತಿ ಅಕ್ಕಿಯ ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು ಎಂದರು. ಹಾಸ್ಯ ಮಾಡಬೇಕಾದರೆ ಹಾಡನ್ನು ಕೇಳಬೇಕು. ಬೇರೆಯವರಿಗೆ ಹಾಸ್ಯ ಅರ್ಥವಾಗಬೇಕಾದರೆ ಅವರಿಗೂ ಕೇಳಿಸಬೇಕು. ಸಿಟ್ಟು, ಕುತೂಹಲ, ಸ್ನೇಹ. ಚಿತ್ರ ತೆರೆಗೆ ಬರುವ ಹೊತ್ತಿಗೆ ಅದು ಆ ವರ್ಷದ ಅತಿ ದೊಡ್ಡ ಹಾಡುಗಳಲ್ಲೊಂದಾಗಿತ್ತು. ಸಂಜಿತ್ ಹೆಗಡೆಯವರ ದನಿಯಲ್ಲಿ ಕನ್ನಡಕ್ಕೂ ಬಂದು ಹೋಯಿತು. ದಾಸರು ದೇವರನ್ನು ಬೈದು ಬೈದೇ ಒಲಿಸಿಕೊಂಡರು. ಅದಕ್ಕೆ ನಿಂದಾಸ್ತುತಿಯೆಂದು ಹೆಸರು. ಮೀಮ್ ಎಂಬುದು ಅದರ ಅರ್ವಾಚೀನ ಶಾಖೆ. ನಿರ್ಮಾಪಕರು ಇದನ್ನು ಅರಿತಿದ್ದಾರೆಂದು ನಮಗೆ ಬಲವಾದ ಗುಮಾನಿ. ಈಚಿನ ಕೆಲವು ಹಾಡುಗಳಲ್ಲಿ ಒಂದು ಪದವನ್ನು ಬೈಸಿಕೊಳ್ಳಲೆಂದೇ ಇಟ್ಟ ಹಾಗೆ ಕಾಣುತ್ತದೆ, ಹೊಸ ಮನೆಗೆ ಕುಂಬಳಕಾಯಿ ಕಟ್ಟಿದ ಹಾಗೆ.

ಐತಿಹಾಸಿಕ ಪ್ರಮಾಣ

1931ರ ಮಾರ್ಚ್ 14ರಂದು ಬೊಂಬಾಯಿಯ ಮೆಜೆಸ್ಟಿಕ್ ಟಾಕೀಸಿನಲ್ಲಿ ತೆರೆಕಂಡ ‘ಆಲಂ ಆರಾ’ದಲ್ಲಿ ಏಳು ಹಾಡುಗಳಿದ್ದವು. ಮರುವರ್ಷದ ‘ಇಂದ್ರಸಭಾ’ದಲ್ಲಿ ಎಪ್ಪತ್ತರ ಆಸುಪಾಸು. ಒಂದೇ ವರ್ಷದಲ್ಲಿ ಹತ್ತು ಪಟ್ಟು ಏರಿದ್ದು ಕಲೆಯ ದೃಷ್ಟಿಯಿಂದ ಏನೇ ಇರಲಿ, ಅನಿರ್ಗಮನವಾದಕ್ಕೆ ಮೊದಲ ಸಾಕ್ಷಿ. ಎಪ್ಪತ್ತು ಹಾಡಿನ ನಡುವೆ ಎದ್ದು ಹೊರಗೆ ಹೋದವನು ವಾಪಸು ಬಂದಾಗಲೂ ಹಾಡೇ ನಡೆಯುತ್ತಿರುತ್ತದೆ.

ಆದರೆ ನಮ್ಮ ಶಾಸ್ತ್ರದ ಸುವರ್ಣಯುಗ ಆರಂಭವಾಗುವುದು 1952ರಲ್ಲಿ, ಅದೂ ಹಾಡನ್ನು ದ್ವೇಷಿಸುತ್ತಿದ್ದ ಒಬ್ಬ ಮಹನೀಯರಿಂದ. ವಾರ್ತಾ ಮತ್ತು ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತದಲ್ಲಿ ಭಕ್ತಿ, ಸಿನಿಮಾ ಹಾಡು ಎಂದರೆ ಅಸಹ್ಯ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆ ಕಾಣೆಯಾಯಿತು. ರಾಷ್ಟ್ರದ ಅಭಿರುಚಿ ಇನ್ನೇನು ಸುಧಾರಿಸಿತು ಎನ್ನುವಷ್ಟರಲ್ಲಿ, ರಾಷ್ಟ್ರ ರೇಡಿಯೊದ ಗುಂಡಿ ತಿರುಗಿಸಿ ಸಿಂಹಳಕ್ಕೆ ಹೋಯಿತು. ರಾಮಾಯಣದ ನಂತರ ಇಷ್ಟು ಜನ ಒಟ್ಟಾಗಿ ಲಂಕೆಯ ಕಡೆ ಮುಖ ಮಾಡಿದ್ದು ಅದೇ ಮೊದಲು. ರೇಡಿಯೊ ಸಿಲೋನಿನಲ್ಲಿ 1952ರ ಡಿಸೆಂಬರ್ 3ರಿಂದ ‘ಬಿನಾಕಾ ಗೀತ್‌ಮಾಲಾ’. ಪ್ರತಿ ಬುಧವಾರ ರಾತ್ರಿ ಎಂಟಕ್ಕೆ, ಅಮೀನ್ ಸಯಾನಿಯವರ ಕಂಠದಲ್ಲಿ. ಪ್ರಾಯೋಜಕರು ಹಲ್ಲುಜ್ಜುವ ಪೇಸ್ಟಿನವರು. ಕೆಲಕಾಲದಲ್ಲೇ ಕಾರ್ಯಕ್ರಮ ಹಾಡುಗಳಿಗೆ ಮೆಟ್ಟಿಲು ಕಟ್ಟಿ ಏರಿಸುವ, ಇಳಿಸುವ ಕೆಲಸಕ್ಕೆ ತೊಡಗಿತು. ಅಂಗಡಿಗಳಲ್ಲಿ ಮಾರಾಟವಾದ ರೆಕಾರ್ಡುಗಳು, ರೇಡಿಯೊ ಶ್ರೋತೃ ಸಂಘಗಳ ಮತ, ಇವೆರಡನ್ನೂ ಕೂಡಿಸಿ ಕಳೆದು ಈ ವಾರ ಯಾವ ಹಾಡು ಯಾವ ಮೆಟ್ಟಿಲಲ್ಲಿದೆ ಎಂದು ಸಯಾನಿ ಸಾರುತ್ತಿದ್ದರು. 1957ರಲ್ಲಿ ಆಕಾಶವಾಣಿ ಸೋಲೊಪ್ಪಿ ವಿವಿಧ ಭಾರತಿಯನ್ನು ತೆರೆಯಿತು.

ಇಲ್ಲೊಂದು ಆಕ್ಷೇಪ ಬರುತ್ತದೆ: ಜನ ತಾವಾಗಿಯೇ ಗುಂಡಿ ತಿರುಗಿಸಿ ಸಿಲೋನ್ ಹುಡುಕಿದರಲ್ಲ, ಅನಿರ್ಗಮನ ಎಲ್ಲಿ ಬಂತು? ಆಕ್ಷೇಪಿಸುವವರು ಸ್ವಂತ ರೇಡಿಯೊ ಇದ್ದ ಮನೆಯಲ್ಲಿ ಹುಟ್ಟಿದವರಿರಬೇಕು. ಗುಂಡಿ ತಿರುಗಿಸಿದವನು ಒಬ್ಬ. ಕೇಳಿದ್ದು ವಠಾರ. ಇಡೀ ವಠಾರಕ್ಕೆ ಒಂದೇ ರೇಡಿಯೊ, ಅದರ ಮೇಲೆ ಕಸೂತಿಯ ಹೊದಿಕೆ, ಅದರ ಯಜಮಾನನಿಗೆ ಊರಿನ ಶ್ಯಾನುಭೋಗನ ಗತ್ತು. ಅವನಿಗೆ ಮುಕೇಶ್ ಇಷ್ಟವಾದರೆ ಹನ್ನೊಂದು ಸಂಸಾರಗಳು ಮುಕೇಶನ ದುಃಖದಲ್ಲಿ ಊಟ ಮಾಡಬೇಕು.

ಈ ಸಂದರ್ಭದಲ್ಲಿ ಝುಮರಿ ತಿಲೈಯಾವನ್ನು ನೆನೆಯದಿದ್ದರೆ ಶಾಸ್ತ್ರಕಾರನಿಗೆ ದೋಷ ಬರುತ್ತದೆ. ಈಗಿನ ಝಾರ್ಖಂಡದ, ಅಭ್ರಕದ ಗಣಿಗಳಿಗೆ ಹೆಸರಾದ ಈ ಪಟ್ಟಣದಿಂದ ವಿವಿಧ ಭಾರತಿಗೂ ಸಿಲೋನಿಗೂ ಕೋರಿಕೆಯ ಕಾರ್ಡುಗಳು ಸುರಿಯುತ್ತಿದ್ದವು. ಯಾವ ಹಾಡು ಹಾಕಿದರೂ ಕೋರಿದವರ ಪಟ್ಟಿಯಲ್ಲಿ ಆ ಊರಿನ ಹೆಸರು. ಇಂಥ ಊರು ನಿಜವಾಗಿ ಇರಲಾರದು, ಅನೌನ್ಸರುಗಳು ಕಟ್ಟಿಕೊಂಡದ್ದಿರಬೇಕು ಎಂದು ಎಷ್ಟೋ ಜನ ನಂಬಿದ್ದರಂತೆ. ಅದು ಇದೆ. ಅಲ್ಲಿನ ಅಂಚೆಪೆಟ್ಟಿಗೆಯೊಳಗೆ ಬಿದ್ದ ಕಾರ್ಡಿನಿಂದ ಬೀದರಿನ ಬೀಡಾ ಅಂಗಡಿಯಲ್ಲಿ ನಿಂತವನ ಅಭಿರುಚಿ ತೀರ್ಮಾನವಾಗುತ್ತಿತ್ತು. ಈಗ ಅದೇ ಕೆಲಸಕ್ಕೆ ಅಲ್ಗಾರಿದಂ ಎಂದು ಹೆಸರಿಟ್ಟು ಎಂಜಿನಿಯರುಗಳಿಗೆ ಸಂಬಳ ಕೊಡುತ್ತಾರೆ. ಝುಮರಿ ತಿಲೈಯಾದವರು ಅಂಚೆವೆಚ್ಚವನ್ನು ಕೈಯಿಂದ ಹಾಕಿಕೊಂಡು ಮಾಡುತ್ತಿದ್ದರು.

ಕ್ಷೌರಪೀಠ ನ್ಯಾಯ

ತರ್ಕಶಾಸ್ತ್ರದಲ್ಲಿ ಕಾಕತಾಳೀಯ ನ್ಯಾಯ, ಅಂಧಗಜ ನ್ಯಾಯ ಮುಂತಾಗಿ ಹಲವು ನ್ಯಾಯಗಳಿವೆ. ಅವುಗಳ ಸಾಲಿಗೆ ನಾವು ಕ್ಷೌರಪೀಠ ನ್ಯಾಯವನ್ನು ಸೇರಿಸುತ್ತಿದ್ದೇವೆ: ಕುತ್ತಿಗೆಯ ಮೇಲೆ ಕತ್ತಿ ಇರುವವನು ‘ಈ ಹಾಡು ಬದಲಿಸಪ್ಪ’ ಎನ್ನುವುದಿಲ್ಲ.

ಈ ನ್ಯಾಯ ಪೂರ್ಣ ಪ್ರಮಾಣದಲ್ಲಿ ಜಾರಿಗೆ ಬಂದದ್ದು ಕ್ಯಾಸೆಟ್ಟಿನ ಕಾಲದಲ್ಲಿ. ದಿಲ್ಲಿಯ ದರಿಯಾಗಂಜಿನಲ್ಲಿ ಹಣ್ಣಿನ ರಸದ ಅಂಗಡಿಯ ಕುಟುಂಬದಿಂದ ಬಂದ ಗುಲ್ಶನ್ ಕುಮಾರ್ ಎಂಬತ್ತರ ದಶಕದಲ್ಲಿ ಟಿ-ಸೀರೀಸ್ ಕಟ್ಟಿ, ಎಚ್‌ಎಂವಿಯವರ ಬೆಲೆಗೆ ಹೋಲಿಸಿದರೆ ಪುಕ್ಕಟೆಯೆನ್ನಿಸುವ ದರಕ್ಕೆ ಕ್ಯಾಸೆಟ್ ಮಾರಿದರು. ಅಲ್ಲಿಯವರೆಗೆ ಹಾಡು ಬಹುಮಟ್ಟಿಗೆ ಮನೆಯೊಳಗಿನ ವಸ್ತುವಾಗಿತ್ತು. ಈಗ ಅದು ಲಾರಿಯ ಡ್ಯಾಶ್‌ಬೋರ್ಡಿಗೆ, ಖಾಸಗಿ ಬಸ್ಸಿಗೆ, ಕಟಿಂಗ್ ಶಾಪಿಗೆ, ಟೀ ಅಂಗಡಿಗೆ ನುಗ್ಗಿತು. 1990ರಲ್ಲಿ ಹೊಸ ನಾಯಕ, ಹೊಸ ನಾಯಕಿ, ಅಷ್ಟೇನೂ ಹೆಸರಿಲ್ಲದ ನದೀಮ್-ಶ್ರವಣ್ ಜೋಡಿ ಇಟ್ಟುಕೊಂಡು ‘ಆಶಿಕಿ’ ಬಂತು. ಆಮೇಲೆ ಕುಮಾರ್ ಸಾನು ಸತತ ಐದು ವರ್ಷ ಫಿಲ್ಮ್‌ಫೇರ್ ಗೆದ್ದರು.

ಹುಬ್ಬಳ್ಳಿಯಿಂದ ಪುಣೆಗೆ ಹೋಗುವ ರಾತ್ರಿ ಬಸ್ಸನ್ನು ಊಹಿಸಿಕೊಳ್ಳಿ. ಡ್ರೈವರನಿಗೆ ನಿದ್ದೆ ಬರಬಾರದು. ಆದ್ದರಿಂದ ಯಾರಿಗೂ ನಿದ್ದೆ ಬರಬಾರದು. ಕ್ಯಾಸೆಟ್ಟಿನ ಎರಡೂ ಮಗ್ಗುಲು ಮುಗಿದು ಮತ್ತೆ ಮೊದಲಿಂದ. ಬೆಳಗಾವಿಯಲ್ಲಿ ಸಿಟ್ಟು, ಕೊಲ್ಹಾಪುರದಲ್ಲಿ ಕುತೂಹಲ, ಸಾತಾರಾದ ಹೊತ್ತಿಗೆ ಸ್ನೇಹ. ಪುಣೆಯಲ್ಲಿ ಇಳಿದವನು ರಿಕ್ಷಾದವನಿಗೆ ವಿಳಾಸ ಹೇಳುವ ಬದಲು ಪಲ್ಲವಿ ಹೇಳುತ್ತಾನೆ. ಝಾಯಂಟ್ಸನಿಗೆ 25 ಸಲ ಬೇಕಾಗಿದ್ದ ಕೆಲಸ ಘಟ್ಟದ ತಿರುವುಗಳಲ್ಲಿ ಬೇಗ ಆಗುತ್ತದೆ.

ಮಾವನ ಮಂಡಿ ಪರೀಕ್ಷೆ

1994ರ ‘ಹಮ್ ಆಪ್‌ಕೆ ಹೈ ಕೌನ್’ನಲ್ಲಿ ಹದಿನಾಲ್ಕು ಹಾಡುಗಳಿದ್ದವು. ವಿಮರ್ಶಕರಲ್ಲಿ ಕೆಲವರು ಅದನ್ನು ಮದುವೆಯ ವಿಡಿಯೊ ಎಂದು ಜರೆದರು. ಜರೆದದ್ದೇ ನಿಜವಾಗಿ, ಮುಂದೆ ಮದುವೆಯ ವಿಡಿಯೊಗಳೆಲ್ಲ ಆ ಚಿತ್ರವಾದವು. ಮದುವೆ ಮನೆಯಷ್ಟು ಪರಿಪೂರ್ಣವಾದ ಅನಿರ್ಗಮನ ಕ್ಷೇತ್ರ ಇನ್ನೊಂದಿಲ್ಲ. ಊಟ ಆಗುವವರೆಗೆ ಎದ್ದು ಹೋಗುವ ಹಾಗಿಲ್ಲ. ಊಟವಾದ ಮೇಲೆ ಏಳಲು ಆಗುವುದಿಲ್ಲ.

ಈಗ ನಮ್ಮ ಕಡೆಯ ಮದುವೆಗಳಿಗೂ ‘ಸಂಗೀತ್’ ಎಂಬ ಉತ್ತರ ದೇಶದ ಸಂಸ್ಕಾರ ಬಂದು, ನಾಂದಿಗಿಂತ ಮೊದಲೇ ನಡೆಯತೊಡಗಿದೆ. ಇಲ್ಲಿ ಹಿಟ್ ನಿರ್ಣಯಕ್ಕೆ ಒಂದು ನಿಷ್ಕೃಷ್ಟ ಪರೀಕ್ಷೆ ದೊರಕುತ್ತದೆ. ಹಾಡಿಗೊಂದು ಹುಕ್ ಸ್ಟೆಪ್, ಅಂದರೆ ಎಲ್ಲರೂ ನಕಲು ಮಾಡುವ ಹೆಜ್ಜೆ, ಇರುತ್ತದಷ್ಟೆ. ಅದರ ಮಹಿಮೆಯನ್ನು ಲೋಕಕ್ಕೆ ಸಾರಿದವರು ಸರೋಜ್ ಖಾನ್. 1988ರ ‘ತೇಜಾಬ್’ನಲ್ಲಿ ಅವರು ಮಾಧುರಿ ದೀಕ್ಷಿತರನ್ನು ಅಂಕಿಗಳ ಮೇಲೆ ಕುಣಿಸಿದ ರೀತಿಗೆ ಮಾರುಹೋಗಿ, ಫಿಲ್ಮ್‌ಫೇರ್‌ನವರು ನೃತ್ಯ ಸಂಯೋಜನೆಗೆಂದು ಪ್ರಶಸ್ತಿಯನ್ನೇ ಹೊಸದಾಗಿ ಹುಟ್ಟಿಸಿದರು. ಆದರೆ ಮಾಧುರಿ ಮಾಡಬಲ್ಲ ಹೆಜ್ಜೆ ನೋಡಲು ಚೆಂದ; ಹಿಟ್ ಆಗಲು ಅದನ್ನು ಮದುಮಗಳ ಸೋದರಮಾವ ಮಾಡಬಲ್ಲವನಾಗಿರಬೇಕು. ಅವನಿಗೆ ಐವತ್ತೆಂಟು, ಮಂಡಿ ನೋವು, ತಲೆಯ ಮೇಲೆ ಪೇಟ. ಬಗ್ಗಬೇಕಾದ ಹೆಜ್ಜೆ ಫ್ಲಾಪ್. ಜಿಗಿಯಬೇಕಾದ್ದು ಅಪಾಯ. ಕೈ ಮಾತ್ರ ಆಡಿಸುವುದು, ಭುಜ ಕುಣಿಸುವುದು: ನಿಶ್ಚಿತ ಹಿಟ್.

2023ರ ‘ಆನಿಮಲ್’ ಚಿತ್ರದ ಬಾಬಿ ಡಿಯೋಲ್ ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು ಪಡೆಯುತ್ತಾರೆ. ಅಲ್ಲಿ ಅವರು ಕುಣಿದ ಹಾಡು ಪರ್ಷಿಯನ್ ಭಾಷೆಯದು. ಚಿತ್ರ ತೆರೆಕಾಣುವ ಮೊದಲು ಆ ಚಿತ್ರದ ಯಾವ ಹಾಡು ಗೆದ್ದೀತೆಂದು ತಲೆಕೆಡಿಸಿಕೊಂಡವರು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ತೆರೆಯ ಮೇಲೆ ಡಿಯೋಲ್ ತಲೆಯ ಮೇಲೊಂದು ಲೋಟ ಇಟ್ಟುಕೊಂಡು ಮೆಲ್ಲಗೆ ತೂಗಾಡಿದರು. ಮಾಡಿದ್ದು ಅಷ್ಟೇ. ಆ ಚಳಿಗಾಲದ ಮದುವೆಗಳಲ್ಲಿ ದೇಶದ ಸೋದರಮಾವಂದಿರೆಲ್ಲ ತೂಗಾಡಿದರು. ಮಂಡಿ ಬಗ್ಗುವಂತಿಲ್ಲ, ಲೋಟ ಬೀಳುತ್ತದೆ. ಮಂಡಿ ಬಗ್ಗುವುದೂ ಇಲ್ಲ. ಲೋಟವಂತೂ ಹೇಗಿದ್ದರೂ ಕೈಯಲ್ಲೇ ಇತ್ತು. ಒಂದಕ್ಷರ ಅರ್ಥವಾಗದ ಭಾಷೆಯ ಹಾಡು ಹೀಗೆ ಗೆದ್ದದ್ದನ್ನು ನೋಡಲು, ಅರ್ಥವಿಲ್ಲದ ಟರ್ಕಿ ಪದಗಳನ್ನು ಕಟ್ಟಿದ ಆ ಪ್ರಾಧ್ಯಾಪಕ ಬದುಕಿರಬೇಕಿತ್ತು.

ಹೆಬ್ಬೆರಳಿನ ಆಕ್ಷೇಪ

ಈಗಿನ ಕಾಲದ ತರುಣರು ನಮ್ಮ ಸಿದ್ಧಾಂತವನ್ನು ಹೆಬ್ಬೆರಳು ತೋರಿಸಿ ಖಂಡಿಸುತ್ತಾರೆ. ಬೇಡವಾದ ಹಾಡನ್ನು ಹೆಬ್ಬೆರಳಿನಿಂದ ನೂಕಿದರಾಯಿತು. ಕ್ಷೌರಪೀಠದಲ್ಲೂ ಕಿವಿಗೆ ಇಯರ್‌ಫೋನು. ಹಾಗಾದರೆ ಅನಿರ್ಗಮನ ಉಳಿಯಿತೇ?

ಉಳಿಯಿತು, ಕಿರಿದಾಗಿ ಉಳಿಯಿತು. ಹಿಂದೆ 78 ವೇಗದ ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ ಹಿಡಿಸುತ್ತಿತ್ತು. ಹಾಡಿನ ಉದ್ದ ಅಷ್ಟೇ ಆಯಿತು. ಕವ್ವಾಲಿ ಹಾಡುವವರು ಮಗ್ಗುಲು ಬದಲಿಸಿಕೊಂಡು ದೇವರನ್ನು ತಲುಪಬೇಕಿತ್ತು. ಈಗ ಸ್ಪಾಟಿಫೈಯಲ್ಲಿ ಹಾಡನ್ನು 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಇಪ್ಪತ್ತೊಂಬತ್ತಕ್ಕೆ ನೂಕಿದರೆ ಕೇಳಿಯೇ ಇಲ್ಲ. ಶಂಕರ್-ಜೈಕಿಶನ್ನರ ಕಾಲದಲ್ಲಿ ಮೂವತ್ತು ಸೆಕೆಂಡಿಗೆ ಪಿಟೀಲಿನವರು ಇನ್ನೂ ಗಲ್ಲಕ್ಕೆ ಪಿಟೀಲು ಆನಿಸಿ ನಾಯಕಿಯನ್ನು ಒಂದು ಮರದಿಂದ ಇನ್ನೊಂದು ಮರಕ್ಕೆ ತಲುಪಿಸುತ್ತಿರುತ್ತಿದ್ದರು. ಈಗಿನ ಹಾಡಿನಲ್ಲಿ ಪಲ್ಲವಿ ಬಾಗಿಲಿಗೇ ಬಂದು ನಿಂತಿರುತ್ತದೆ, ವಿಮೆಯ ಏಜೆಂಟರಂತೆ. ಆಮೇಲೆ ಉಳಿದ ಎರಡು ನಿಮಿಷಕ್ಕೆ ಯಾರೂ ಜವಾಬ್ದಾರರಲ್ಲ.

ರೀಲ್ಸಿನಲ್ಲಂತೂ ನೂಕಿದಷ್ಟೂ ಅದೇ ಬರುತ್ತದೆ. ಒಬ್ಬಾಕೆ ಅದೇ ಹಾಡಿಗೆ ಕುಣಿಯುತ್ತಿದ್ದಾಳೆ, ನೂಕಿದಿರಿ. ಒಬ್ಬ ಅದೇ ಹಾಡಿಗೆ ಉಪ್ಪಿಟ್ಟು ಕಲಸುತ್ತಿದ್ದಾನೆ, ನೂಕಿದಿರಿ. ಒಂದು ಬೆಕ್ಕು. ಮನೆಯ ಬಾಗಿಲನ್ನೆಲ್ಲ ತೆರೆದಿಟ್ಟು, ಪ್ರತಿ ಬಾಗಿಲಾಚೆಗೂ ಅದೇ ಕೋಣೆ ಇಟ್ಟ ವಾಸ್ತುವಿದು. ರೇಡಿಯೊ ಹೀಗಿರಲಿಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರಲ್ಲಿ ಬೆಂಗಳೂರಿನಲ್ಲೇ ಬಾಯಿ ತೆರೆದಾಗ ಹಿಂದಿ ಹಾಡಿನ ಭರಾಟೆ ಜೋರಿತ್ತು. ಬರಬರುತ್ತ ನಗರದ ಕೇಂದ್ರಗಳು ಕನ್ನಡಕ್ಕೆ ಹೊರಳಿದವು. ಕೇಂದ್ರವೊಂದು ಹೊರಳಬೇಕಾದರೆ ಹೇಳಲು, ಕೇಳಲು, ದೂರಲು ಅಲ್ಲಿ ಒಂದಿಷ್ಟು ಮನುಷ್ಯರಿದ್ದರು. ರೀಲ್ಸಿಗೆ ಯಾರ ಹತ್ತಿರ ದೂರುವುದು?

ಅನ್ವಯ

ಈಗ ಆರು ಹಾಡುಗಳಿಗೆ ಬರೋಣ. ಶೀರ್ಷಿಕೆ ಗೀತೆ ಚಿತ್ರದ ಜೊತೆ ಚಿತಾರೋಹಣ ಮಾಡುತ್ತದೆ. ಗಂಡಸಿನ ವಿರಹ ರಾತ್ರಿ ಹನ್ನೊಂದರ ನಂತರ ಚೆನ್ನಾಗಿ ಓಡುತ್ತದೆ, ಆದರೆ ಒಬ್ಬೊಬ್ಬರೇ ಕೇಳುವುದರಿಂದ ಅನಿರ್ಗಮನದ ಅಂಶ ಕಡಿಮೆ; ಪ್ರೇಯಸಿ ಕೈಕೊಟ್ಟವರ ಸಂಖ್ಯೆಯನ್ನೇ ನಂಬಿಕೊಂಡಿದೆ. ಹೆಂಗಸಿನ ವಿರಹ ನಿಜಕ್ಕೂ ಉತ್ತಮ ಹಾಡು, ಆದ್ದರಿಂದ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದನೆಯದು ಆಗಲೇ ಹಿಟ್ ಆಗಿದ್ದ ಹಾಡಾದ್ದರಿಂದ ಭವಿಷ್ಯದ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಶ್ರಾದ್ಧಶಾಸ್ತ್ರ ನೋಡಬೇಕು. ಸೂಫಿ ಹಾಡಿನ ಆಯುಸ್ಸು ಕೈ ಎಷ್ಟು ಹೊತ್ತು ಮೇಲಿರುತ್ತದೆ ಎಂಬುದರ ಮೇಲೆ. ಉಳಿದದ್ದು ನಾಲ್ಕನೆಯದು, ಮದುವೆ ಹಾಡು. ಮಂಡಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ. ಪಲ್ಲವಿ ಎಂಟನೆಯ ಸೆಕೆಂಡಿಗೇ ಬರುತ್ತದೆ. ಬೈಯಲು ಒಂದು ಪದವೂ ಇದೆ. ಎಲ್ಲ ಲಕ್ಷಣಗಳೂ ಕೂಡಿವೆ.

ಆದರೂ ನಿರ್ಣಯವನ್ನು ಘೋಷಿಸುವ ಮುನ್ನ ನಿರ್ಮಾಪಕರಿಗೆ ಒಂದು ಸಲಹೆ. ಉತ್ತರ ಭಾರತದ ಊರೂರುಗಳಲ್ಲಿ ಕಳೆದ ಹಲವು ವರ್ಷಗಳ ಅತಿ ದೊಡ್ಡ ಹಿಂದಿ ಹಾಡು ಯಾವುದೆಂದು ಯಾವ ಮಗುವನ್ನು ಕೇಳಿದರೂ ಹಾಡಿಯೇ ತೋರಿಸುತ್ತದೆ: ಸ್ವಚ್ಛ ಭಾರತದ ದಿನಗಳಿಂದ ಬೆಳಗಿನ ಕಸದ ಗಾಡಿ ಹಾಕಿಕೊಂಡು ಬರುವ ಹಾಡು. ಅದಕ್ಕೆ ಹೀರೋ ಇಲ್ಲ, ರೈಲಿಲ್ಲ, ಮಳೆಯಿಲ್ಲ, ಫಿಲ್ಮ್‌ಫೇರ್ ಇಲ್ಲ. ದಿನಾ ಬೆಳಿಗ್ಗೆ, ಬಾಗಿಲಿಗೆ, ತಪ್ಪದೆ. ನಮ್ಮ ಕಡೆಯ ಕಸದ ಗಾಡಿಗಳಿಗೂ ಅವುಗಳದೇ ಕನ್ನಡ ಹಾಡುಗಳುಂಟು. ಈ ಹಾಡು ಕೇಳಿದವರು ತಪ್ಪಿಸಿಕೊಳ್ಳುವುದಿರಲಿ, ಹಾಸಿಗೆಯಿಂದೆದ್ದು, ಬಕೆಟ್ ಹಿಡಿದು, ಚಪ್ಪಲಿ ಬದಲಾಯಿಸಿಕೊಂಡು ಅದರ ಹಿಂದೆ ಓಡುತ್ತಾರೆ. ರಫಿಯವರ ಹಾಡಿಗೂ ಜನ ಹೀಗೆ ಬೀದಿಯಲ್ಲಿ ಓಡಿದ ದಾಖಲೆ ನಮಗೆ ಸಿಕ್ಕಿಲ್ಲ.

ಆದಕಾರಣ, ನಾಲ್ಕನೆಯ ಹಾಡಿನ ಹಕ್ಕನ್ನು ಬಿಡುಗಡೆಗೆ ಒಂದು ತಿಂಗಳು ಮೊದಲೇ ನಗರಪಾಲಿಕೆಗಳ ಘನತ್ಯಾಜ್ಯ ವಿಭಾಗಕ್ಕೆ ಉಚಿತವಾಗಿ ಕೊಡತಕ್ಕದ್ದು. ಹಸಿ ಕಸದ ದಿನ ಗಂಡು ದನಿ, ಒಣ ಕಸದ ದಿನ ಹೆಣ್ಣು ದನಿ. ಹಾಗೆ ಮಾಡಿದಲ್ಲಿ ಹಿಟ್ ಖಚಿತ. ಮಾಡದಿದ್ದಲ್ಲಿ ಶಾಸ್ತ್ರ ಹೊಣೆಯಲ್ಲ. ಸಲಹೆಯನ್ನು ಬಳಸಿಕೊಳ್ಳುವವರು ಚಿತ್ರದ ಕೊನೆಯ ಹೆಸರುಪಟ್ಟಿಯಲ್ಲಿ ನಮ್ಮ ಹೆಸರನ್ನು ಡ್ರೋನ್ ಹಾರಿಸಿದವರ ಕೆಳಗೆ, ಊಟ ಸರಬರಾಜು ಮಾಡಿದವರ ಮೇಲೆ ಹಾಕತಕ್ಕದ್ದು.